ಕೀಬೋರ್ಡ್ ನೆನಪಿಡುವುದು ಬೆರಳುಗಳನ್ನು

ಮೋಹನ ರಾಗದ ಒಂದು ಹಾಡಿಗೆ ಟ್ರ್ಯಾಕ್ ಮಾಡುತ್ತಿದ್ದೆ. ಎರಡನೇ ಚರಣದಲ್ಲಿ ಬೆರಳು ಜಾರಿತು. ಗಾಂಧಾರದ ಪಕ್ಕದ ಕಪ್ಪು ಕೀ ನುಡಿದುಬಿಟ್ಟಿತು. ಮತ್ತೆ ಮೊದಲಿಂದ ನುಡಿಸಲಿಲ್ಲ. ಎಡಿಟ್ ಪರದೆ ತೆರೆದು, ಆ ಜಾಗದಲ್ಲಿದ್ದ 63ನ್ನು 64 ಮಾಡಿದೆ. ಅಷ್ಟೇ, ಸ್ವರ ಸರಿಹೋಯಿತು.

ಇದು ಹೇಗೆ ಸಾಧ್ಯ? ಹೀಗೆ ರೆಕಾರ್ಡ್ ಮಾಡುವಾಗ ಕೀಬೋರ್ಡ್ ಸದ್ದನ್ನು ಹಿಡಿದಿಡುವುದೇ ಇಲ್ಲ. ಯಾವ ಕೀ ಒತ್ತಿದಿರಿ, ಯಾವಾಗ, ಎಷ್ಟು ಜೋರಾಗಿ, ಯಾವಾಗ ಬಿಟ್ಟಿರಿ ಅಂತ ಬರೆದುಕೊಳ್ಳುತ್ತದೆ. ಪ್ಲೇ ಒತ್ತಿದಾಗ ಆ ಬರಹವನ್ನು ಓದಿಕೊಂಡು ತಾನೇ ಹೊಸದಾಗಿ ನುಡಿಸುತ್ತದೆ. ಜೋರು ಎಷ್ಟೆಂದು ಅಳೆಯುವ ಉಪಾಯ ನನಗೆ ತುಂಬಾ ಇಷ್ಟ. ಸಾಮಾನ್ಯವಾಗಿ ಪ್ರತಿ ಕೀ ಕೆಳಗೂ ಎರಡು ಸ್ವಿಚ್ ಇರುತ್ತವೆ. ಒಂದು ತಾಗಿ ಇನ್ನೊಂದು ತಾಗಲು ಹಿಡಿದ ಸಮಯ ಕಡಿಮೆಯಾದಷ್ಟೂ ಪೆಟ್ಟು ಜೋರು. ಅದಕ್ಕೆ 1ರಿಂದ 127ರವರೆಗೆ ಒಂದು ಅಂಕಿ.

ಈ ಬರಹದ ಭಾಷೆಯೇ ಮಿಡಿ. 1983ರ ಜನವರಿಯಲ್ಲಿ ಅಮೆರಿಕದ ಡೇವ್ ಸ್ಮಿತ್ ಅವರ ಕಂಪನಿಯ ಕೀಬೋರ್ಡನ್ನೂ ಜಪಾನಿನ ಇಕುಟಾರೊ ಕಾಕೆಹಾಶಿ ಅವರ ರೋಲ್ಯಾಂಡ್ ಕಂಪನಿಯ ಕೀಬೋರ್ಡನ್ನೂ ಜೋಡಿಸಿ, ಎರಡೂ ಮಾತಾಡಬಲ್ಲವು ಎಂದು ತೋರಿಸಿದರು. ಅದೇ ಭಾಷೆ ಇವತ್ತಿಗೂ ನಡೆಯುತ್ತಿದೆ.

ಮಿಡಿಯಲ್ಲಿ ಕೀಬೋರ್ಡಿನ ನಡುವಿನ 'ಸಿ' ಅಂದರೆ 60. ಅದನ್ನೇ ಷಡ್ಜ ಮಾಡಿಕೊಂಡರೆ ಮೋಹನದ ಐದು ಸ್ವರ 60, 62, 64, 67, 69. ಈಗ ಗಾಂಧಾರಗಳನ್ನೆಲ್ಲ, ಮೇಲಿನ ಕೆಳಗಿನ ಸ್ಥಾಯಿಯವನ್ನೂ ಸೇರಿಸಿ, ಒಂದೊಂದು ಅಂಕಿ ಇಳಿಸಿ ನೋಡಿ. ಶಿವರಂಜನಿಯ ಸ್ವರಗಳು! ಹಾಡುವವರಿಗೆ ಶ್ರುತಿ ಎತ್ತರವಾಯಿತೇ? ಡ್ರಮ್ಸ್ ಬಿಟ್ಟು ಉಳಿದ ಟ್ರ್ಯಾಕ್‌ಗಳ ಎಲ್ಲ ಅಂಕಿಗಳಿಂದ 2 ಕಳೆದರೆ ಆಯಿತು. ಟೇಪನ್ನು ಎರಡರಷ್ಟು ವೇಗದಲ್ಲಿ ಓಡಿಸಿದರೆ ದನಿ ಒಂದು ಸ್ಥಾಯಿ ಮೇಲೇರುತ್ತದೆ. ಇಲ್ಲಿ ಹಾಗಿಲ್ಲ. ಕಾಲ ಬೇರೆ, ಸ್ವರ ಬೇರೆ. ವೇಗ ಎಷ್ಟು ಹೆಚ್ಚಿಸಿದರೂ ಶ್ರುತಿ ಕದಲುವುದಿಲ್ಲ.

ತಾಳ ತಪ್ಪಿದ್ದರೆ ಕ್ವಾಂಟೈಸ್ ಇದೆ. ಆಚೀಚೆ ಸರಿದ ಸ್ವರಗಳನ್ನು ಹತ್ತಿರದ ತಾಳದ ಗೆರೆಗೆ ಎಳೆದು ಕೂರಿಸುತ್ತದೆ. ನಿಮಿಷಕ್ಕೆ 120 ಬೀಟ್ ವೇಗದಲ್ಲಿ ಒಂದು ಬೀಟಿಗೆ ಅರ್ಧ ಸೆಕೆಂಡ್. ಅದನ್ನು ನಾಲ್ಕು ಮಾಡಿದರೆ ಗೆರೆಗೆ ಗೆರೆಗೆ 125 ಮಿಲಿಸೆಕೆಂಡ್. ಡ್ರಮ್ಸ್‌ಗೆ ಇದು ಒಳ್ಳೆಯದೇ. ಕೊಳಲಿನ ಟೋನ್‌ನಲ್ಲಿ ನುಡಿಸಿದ ರಾಗಕ್ಕೆ ಮಾತ್ರ ದಯವಿಟ್ಟು ಪೂರ್ತಿ ಹಾಕಬೇಡಿ. ತಾಳಕ್ಕಿಂತ ಒಂದು ಚೂರು ತಡವಾಗಿ ಬಂದು ಕೂರುವ ಸ್ವರದಲ್ಲೇ ಹಾಡಿನ ಭಾವ ಇರುತ್ತದೆ ಅಲ್ವಾ?

ಗಮಕದ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ಪಿಚ್ ವೀಲ್ ತಿರುಗಿಸಿ ಸ್ವರ ಜಾರಿಸುತ್ತೇವಲ್ಲ, ಅದು ಸ್ವರದ ಜೊತೆ ಅಲ್ಲ, ಬೇರೆಯಾಗಿಯೇ ದಾಖಲಾಗುತ್ತದೆ. 0ರಿಂದ 16383ರವರೆಗಿನ ಅಂಕಿಗಳು, ನಡುವಿನ ಮನೆ 8192. ಒಮ್ಮೆ ನಾನು ಒಂದು ಜಾರುಸ್ವರ ಅಳಿಸುವಾಗ, ವೀಲ್ ನಡುವಿಗೆ ಮರಳಿದ್ದ ದಾಖಲೆಯೂ ಅಳಿಸಿಹೋಗಿತ್ತು. ಅಲ್ಲಿಂದ ಮುಂದೆ ಇಡೀ ಕೊಳಲು ಅಪಶ್ರುತಿ. ಪ್ರತಿ ಸ್ವರದ ಅಂಕಿಯೂ ಸರಿಯಾಗಿಯೇ ಇತ್ತು! ಸುಮಾರು ಹೊತ್ತು ಹುಡುಕಿದ ಮೇಲೆ, ಅಳಿಸಿದ ಜಾಗದಲ್ಲಿ ಒಂದು 8192 ಸೇರಿಸಿದೆ. ಕೊಳಲು ಶ್ರುತಿಗೆ ಬಂತು.