584 ಮೀಟರ್ ಅಂತರವಿದೆ ಎಂದಿತ್ತು ಲೆಕ್ಕ

2009ರ ಫೆಬ್ರುವರಿ 10ರಂದು ಸೈಬೀರಿಯಾದ ಮೇಲೆ, ಸುಮಾರು 789 ಕಿ.ಮೀ. ಎತ್ತರದಲ್ಲಿ, ಅಮೆರಿಕದ ಸಂಪರ್ಕ ಉಪಗ್ರಹ ಇರಿಡಿಯಂ 33ಕ್ಕೂ ಕೆಲಸ ನಿಲ್ಲಿಸಿದ್ದ ರಷ್ಯಾದ ಉಪಗ್ರಹ ಕಾಸ್ಮೋಸ್ 2251ಕ್ಕೂ ಡಿಕ್ಕಿಯಾಯಿತು. ಎರಡರ ನಡುವೆ 584 ಮೀಟರ್ ಅಂತರ ಉಳಿಯುತ್ತದೆ ಎಂದು ಆ ದಿನದ ಒಂದು ಲೆಕ್ಕ ಹೇಳಿತ್ತು. ಹತ್ತಿರ ಹಾಯುವ ಉಪಗ್ರಹಗಳ ಆ ದಿನದ ಪಟ್ಟಿಯಲ್ಲಿ ಇದಕ್ಕಿಂತ ಹತ್ತಿರ ಬರುವ ಜೋಡಿಗಳೂ ಇದ್ದವು. ಉಪಗ್ರಹಗಳ ಮೇಲೆ ಕಣ್ಣಿಟ್ಟು ಡಿಕ್ಕಿ ತಪ್ಪಿಸಬೇಕಾದ ಸೇನೆಯ ಬಾಹ್ಯಾಕಾಶ ಅಧಿಕಾರಿಗೆ ಎಂಜಿನಿಯರಿಂಗ್ ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ರಾಡಾರ್ ಅಳತೆಯಿಂದ ಉಪಗ್ರಹದ ಜಾಗ ಒಂದು ಚುಕ್ಕಿಯಾಗಿ ಸಿಗುವುದಿಲ್ಲ. ಸೌತೆಕಾಯಿಯಂತೆ ಉದ್ದನೆಯ ಒಂದು ವಲಯ ಸಿಗುತ್ತದೆ, ಉಪಗ್ರಹ ಅದರೊಳಗೆ ಎಲ್ಲೋ ಇರುತ್ತದೆ. ಸಾಗುವ ದಿಕ್ಕಿನಲ್ಲೇ ತಪ್ಪು ಹೆಚ್ಚು, ಏಕೆಂದರೆ ಅಲ್ಲಿನ ತೆಳುಗಾಳಿಯ ಎಳೆತವನ್ನು ಮುಂಚಿತವಾಗಿ ಖಚಿತ ಹೇಳಲಾಗದು. ಸೌರಬಿರುಗಾಳಿ ಬಂದರೆ ವಾತಾವರಣದ ಮೇಲ್ಪದರ ಉಬ್ಬಿ ಎಳೆತ ಏರುತ್ತದೆ. 2022ರ ಫೆಬ್ರುವರಿಯಲ್ಲಿ ಸುಮಾರು 210 ಕಿ.ಮೀ. ಎತ್ತರಕ್ಕೆ ಬಿಟ್ಟಿದ್ದ 49 ಸ್ಟಾರ್‌ಲಿಂಕ್ ಇಂಟರ್‌ನೆಟ್ ಉಪಗ್ರಹಗಳಲ್ಲಿ 38 ಹೀಗೇ ಕೆಳಗಿಳಿದು ಉರಿದುಹೋದವು.

ಡಿಕ್ಕಿಯ ಸಾಧ್ಯತೆ 10,000ದಲ್ಲಿ 1ನ್ನು ದಾಟಿದರೆ ಸಾಮಾನ್ಯವಾಗಿ ಉಪಗ್ರಹವನ್ನು ಸರಿಸುವ ಯೋಚನೆ ಶುರುವಾಗುತ್ತದೆ. ವೇಗವನ್ನು ಸೆಕೆಂಡಿಗೆ ಬರೀ 1 ಸೆಂ.ಮೀ. ಹೆಚ್ಚಿಸಿದರೆ ಕಕ್ಷೆ ದೊಡ್ಡದಾಗಿ, ಸುತ್ತಿನ ಅವಧಿ ಉದ್ದವಾಗಿ, ಒಂದು ದಿನದಲ್ಲಿ ಉಪಗ್ರಹ ಸುಮಾರು 2.6 ಕಿ.ಮೀ. ಹಿಂದೆ ಬೀಳುತ್ತದೆ. ಕೊನೆಯ ಸುತ್ತಿನವರೆಗೆ ಕಾದರೆ ಅಷ್ಟೇ ಅಂತರಕ್ಕೆ ಸುಮಾರು 15 ಪಟ್ಟು ಇಂಧನ ಬೇಕು. ಹಾಗೆಂದು ಬೇಗ ಸರಿಸಿದರೆ, ಆಗಿನ್ನೂ ಅಳತೆಯ ತಪ್ಪು ದೊಡ್ಡದಿರುವುದರಿಂದ ಇಂಧನ ಸುಮ್ಮನೆ ಪೋಲಾಗಬಹುದು. ಹೊಸ ದಾರಿಯಲ್ಲಿ ಬಾಹ್ಯಾಕಾಶ ಕಸದ ಬೇರೊಂದು ಚೂರು ಎದುರಾದೀತೇ ಎಂಬುದನ್ನೂ ನೋಡಬೇಕು. ಯಾವಾಗ ಸರಿಸಬೇಕು, ಯಾವಾಗ ಸುಮ್ಮನಿರಬೇಕು ಎಂಬ ತೀರ್ಮಾನವೇ ಈ ಹುದ್ದೆಯ ತಿರುಳು.

ಭಾರತದಲ್ಲಿ ಮೂರೂ ಪಡೆಗಳ ಅಧಿಕಾರಿಗಳು ಸೇರಿ ಕೆಲಸ ಮಾಡುವ ರಕ್ಷಣಾ ಬಾಹ್ಯಾಕಾಶ ಸಂಸ್ಥೆ ಬೆಂಗಳೂರಿನಲ್ಲಿದೆ. ಅಲ್ಲಿಗೆ ನೇರ ಭರ್ತಿ ಎಂದುಕೊಳ್ಳಬೇಡಿ. ಮೊದಲು ಪಡೆಯೊಂದಕ್ಕೆ ಸೇರಿ, ಅಲ್ಲಿ ನುರಿತ ಮೇಲೆ ಈ ಕಡೆ ನಿಯೋಜನೆ. ನಮ್ಮ ಉತ್ತರ ಕರ್ನಾಟಕದ ಮಕ್ಕಳಿಗೆ ಒಂದು ದಾರಿ 1963ರಲ್ಲಿ ಶುರುವಾದ ವಿಜಯಪುರದ ಸೈನಿಕ ಶಾಲೆ, ಆಮೇಲೆ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿ (ಎನ್‌ಡಿಎ). ಬೆಳಗಾವಿ, ಬಾಗಲಕೋಟೆಗಳಲ್ಲಿ ಬಿ.ಇ. ಓದುವ ಹುಡುಗ ಹುಡುಗಿಯರಿಗೆ ಇನ್ನೊಂದು ದಾರಿ: ವಾಯುಪಡೆಯ ಅಧಿಕಾರಿಗಳ ಆಯ್ಕೆಗೆ ನಡೆಯುವ ಎಎಫ್‌ಕ್ಯಾಟ್ ಪರೀಕ್ಷೆ, ಆಯ್ಕೆ ಮಂಡಳಿಯ ಸಂದರ್ಶನ, ಹೈದರಾಬಾದ್ ಬಳಿಯ ದುಂಡಿಗಲ್‌ನ ವಾಯುಪಡೆ ಅಕಾಡೆಮಿ, ನಂತರ ಬೆಂಗಳೂರಿನ ಜಾಲಹಳ್ಳಿಯ ವಾಯುಪಡೆ ತಾಂತ್ರಿಕ ಕಾಲೇಜು. ಬೆಳಗಾವಿ ಬಳಿಯ ಸಾಂಬ್ರಾದ ವಾಯುಪಡೆ ತರಬೇತಿ ಕೇಂದ್ರವನ್ನು ಇದರೊಂದಿಗೆ ಬೆರೆಸಬಾರದು, ಅಲ್ಲಿ ತಯಾರಾಗುವವರು ಅಧಿಕಾರಿಗಳಲ್ಲ, ಏರ್‌ಮನ್‌ಗಳು.

ಓದುತ್ತಿರುವಾಗಲೇ ಗಣಿತವನ್ನು ಪರೀಕ್ಷಿಸಿಕೊಳ್ಳಬಹುದು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಕಕ್ಷೆಯ ಅಂಕಿಗಳು ಎಲ್ಲರಿಗೂ ಸಿಗುತ್ತವೆ. ಅದು ವಿಜಯಪುರದ ಮೇಲೆ ಹಾಯುವ ಹೊತ್ತನ್ನು ಇಂದಿನ ಅಂಕಿಯಿಂದ ಒಮ್ಮೆ, ಹತ್ತು ದಿನ ಹಳೆಯ ಅಂಕಿಯಿಂದ ಇನ್ನೊಮ್ಮೆ ಲೆಕ್ಕ ಹಾಕಿ ಹೋಲಿಸಿ. ಉತ್ತರಗಳಲ್ಲಿ ಒಂದು ಸೆಕೆಂಡ್ ಹೆಚ್ಚುಕಡಿಮೆಯಾದರೂ ನಿಲ್ದಾಣದ ಜಾಗ ಸುಮಾರು 7.7 ಕಿ.ಮೀ. ತಪ್ಪಿರುತ್ತದೆ.