ಕಾಫಿಪುಡಿ ಪ್ಯಾಕೆಟ್ ಮೇಲೆ ಅಪ್ಪು ಫೋಟೊ ಹಾಕಬಹುದಾ?

ಪ್ರಶ್ನೆ: ಗೋಣಿಕೊಪ್ಪದ ಹತ್ತಿರ ನಮ್ಮದು ಚಿಕ್ಕ ಕಾಫಿ ತೋಟ. ನಮ್ಮದೇ ಕಾಫಿ ಹುರಿದು ಪುಡಿ ಮಾಡಿ ರಸ್ತೆ ಬದಿಯ ಅಂಗಡಿಯಲ್ಲಿ ಮಾರುತ್ತೇವೆ. ಜೊತೆಗೆ ಜೇನು, ಕರಿಮೆಣಸು ಇಟ್ಟಿದ್ದೇವೆ. ಮನೆಯವರೆಲ್ಲ ಅಪ್ಪು ಅಭಿಮಾನಿಗಳು. ಹೊಸ ಪ್ಯಾಕೆಟ್ ಮೇಲೆ ಅವರ ಫೋಟೊ ಹಾಕೋಣ ಅಂತಿದ್ದೇವೆ. ಅವರು ಈಗ ಇಲ್ಲವಲ್ಲ, ಯಾರನ್ನಾದರೂ ಕೇಳಬೇಕಾ?

ಉತ್ತರ: ಕೇಳಬೇಕು. ಕೇಳದೆ ಹಾಕಬೇಡಿ.

ಅಂಗಡಿಯೊಳಗೆ ಅಪ್ಪು ಫೋಟೊ ಇಟ್ಟು, ಹಾರ ಹಾಕಿ, ಬೆಳಿಗ್ಗೆ ಊದುಬತ್ತಿ ಹಚ್ಚುತ್ತೀರಿ ಅಂದರೆ ಯಾರೂ ಏನೂ ಅನ್ನುವುದಿಲ್ಲ. ಕುಟ್ಟದಿಂದ ಕುಶಾಲನಗರದವರೆಗೆ ಅಂಥ ಅಂಗಡಿಗಳು ಎಷ್ಟೋ ಇವೆ. ಅದು ಅಭಿಮಾನ. ಅದೇ ಮುಖ ಮಾರುವ ಪ್ಯಾಕೆಟ್ ಮೇಲೆ ಬಂದರೆ ಲೆಕ್ಕ ಬದಲಾಗುತ್ತದೆ. ಹೊರಗಿನಿಂದ ಬಂದ ಗಿರಾಕಿಗೆ ನಿಮ್ಮ ಅಭಿಮಾನ ಗೊತ್ತಿರುವುದಿಲ್ಲ. ಈ ಕಾಫಿಗೂ ಅಪ್ಪು ಮನೆಯವರಿಗೂ ಏನೋ ಸಂಬಂಧ ಇದೆ ಅಂದುಕೊಂಡೇ ಅವರು ಪ್ಯಾಕೆಟ್ ಕೈಗೆ ತೆಗೆದುಕೊಳ್ಳುತ್ತಾರೆ.

‘ತೀರಿಕೊಂಡವರಿಗೆ ಹಕ್ಕೇ ಇಲ್ಲ, ಕೋರ್ಟೇ ಹೇಳಿದೆ’ ಅಂತ ನಿಮಗೆ ಯಾರಾದರೂ ಹೇಳಬಹುದು. ಅದರಲ್ಲಿ ಅರ್ಧ ನಿಜ ಇದೆ. ಸುಶಾಂತ್ ಸಿಂಗ್ ರಜಪೂತ್ 2020ರ ಜೂನ್‌ನಲ್ಲಿ ತೀರಿಕೊಂಡರು. ಅವರ ಬದುಕಿನ ಕಥೆ ಎನ್ನಲಾದ ಸಿನಿಮಾವೊಂದನ್ನು ತಡೆಯಿರಿ ಅಂತ ಅವರ ತಂದೆ ದೆಹಲಿ ಹೈಕೋರ್ಟ್‌ಗೆ ಹೋದರು. ಖಾಸಗಿತನದ ಹಕ್ಕು, ಹೆಸರು-ಮುಖದ ಮೇಲಿನ ಹಕ್ಕು ಆ ವ್ಯಕ್ತಿಯ ಜೊತೆಗೇ ಮುಗಿಯುತ್ತವೆ, ವಾರಸುದಾರರಿಗೆ ಬರುವುದಿಲ್ಲ ಅಂತ ಕೋರ್ಟ್ 2023ರ ಜುಲೈನಲ್ಲಿ ಹೇಳಿತು. ಜಯಲಲಿತಾ ಅವರ ಬದುಕಿನ ಮೇಲಿನ ಸಿನಿಮಾ ವಿಷಯದಲ್ಲಿ ಮದ್ರಾಸ್ ಹೈಕೋರ್ಟ್ ಕೂಡ ಹೆಚ್ಚುಕಡಿಮೆ ಇದೇ ಮಾತು ಹೇಳಿತ್ತು.

ಆದರೆ ಆ ಎರಡೂ ಜಗಳ ನಡೆದದ್ದು ಕಥೆ ಹೇಳುವ ಸ್ವಾತಂತ್ರ್ಯದ ಬಗ್ಗೆ. ಸಿನಿಮಾ ಮಾಡುವವರಿಗೆ, ಬರೆಯುವವರಿಗೆ ಆ ಸ್ವಾತಂತ್ರ್ಯ ಇರಲೇಬೇಕು. ಕಾಫಿಪುಡಿ ಮಾರುವುದು ಬೇರೆ ವಿಷಯ. ಆ ತೀರ್ಪುಗಳನ್ನು ಹಿಡಿದುಕೊಂಡು ಪ್ಯಾಕೆಟ್ ಪ್ರಿಂಟ್ ಮಾಡಿಸುವುದು ದೊಡ್ಡ ಧೈರ್ಯವೇ ಸರಿ. ನಟ ತೀರಿಕೊಂಡ ಮೇಲೆ ಜಾಹೀರಾತಿಗೆ ಅವರ ಮುಖ ಬಳಸುವುದು ಹೇಗೆ ಅಂತ ನೇರವಾಗಿ ಹೇಳುವ ಕಾನೂನು ನಮ್ಮಲ್ಲಿ ಇಲ್ಲ. ಗಾಂಧೀಜಿ, ನೆಹರೂ, ಶಿವಾಜಿ ಅವರ ಹೆಸರು, ಚಿತ್ರಗಳನ್ನು ವ್ಯಾಪಾರಕ್ಕೆ ಬಳಸದಂತೆ 1950ರ ಒಂದು ಕಾಯ್ದೆ ಇದೆ. ಅದರ ಪಟ್ಟಿಯಲ್ಲಿ ಸಿನಿಮಾ ನಟರಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1985ರಲ್ಲೇ ಇದಕ್ಕಾಗಿ ಕಾನೂನು ಬಂತು. ಅಲ್ಲಿ ಈಗ ನಟ ತೀರಿಕೊಂಡು 70 ವರ್ಷದವರೆಗೆ ಮನೆಯವರನ್ನು ಕೇಳಲೇಬೇಕು. ನ್ಯೂಯಾರ್ಕ್‌ನಲ್ಲಿ 40 ವರ್ಷ. ನಮ್ಮಲ್ಲೂ ಅಂಥದ್ದೊಂದು ಬೇಕು ಅನ್ನುವುದು ನನ್ನ ಅಭಿಪ್ರಾಯ.

ನೇರ ಕಾನೂನು ಇಲ್ಲ ಅಂದರೆ ದಾರಿ ಖಾಲಿ ಇದೆ ಅಂತಲ್ಲ. ಅಡ್ಡ ಬರುವ ಬೇರೆ ಕಾನೂನುಗಳು ಇವೆ.

ಮೊದಲನೆಯದು ಫೋಟೊ. ಪ್ಯಾಕೆಟ್ ಡಿಸೈನ್ ಹೇಗೆ ಆಗುತ್ತದೆ ಅಂತ ನೆನಪಿಸಿಕೊಳ್ಳಿ. ಪ್ರಿಂಟಿಂಗ್ ಅಂಗಡಿಯ ಹುಡುಗ ಗೂಗಲ್‌ನಲ್ಲಿ ಹೆಸರು ಹೊಡೆಯುತ್ತಾನೆ. ಚೆನ್ನಾಗಿ ನಗುವ ಒಂದು ಫೋಟೊ ಇಳಿಸಿಕೊಳ್ಳುತ್ತಾನೆ. ಹಿಂದಿನ ಬಣ್ಣ ಅಳಿಸುತ್ತಾನೆ. ಇನ್ನೆಲ್ಲಿಂದಲೋ ತಂದ ಕಾಫಿ ಲೋಟವನ್ನು ಕೈಗೆ ಅಂಟಿಸುತ್ತಾನೆ. ಸುತ್ತ ಕಾಫಿ ಹಣ್ಣಿನ ಗೊಂಚಲು, ಹಿಂದೆ ಮಂಜು ಕವಿದ ಬೆಟ್ಟ. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಆದರೆ ಆ ನಗುವ ಫೋಟೊವನ್ನು ಯಾರೋ ತೆಗೆದಿದ್ದಾರೆ. ಅದು ಸಿನಿಮಾದ್ದಾದರೆ ಸಾಮಾನ್ಯವಾಗಿ ಹಕ್ಕು ನಿರ್ಮಾಪಕರದ್ದು. ಪತ್ರಿಕೆಗೆ ತೆಗೆದದ್ದಾದರೆ ಪತ್ರಿಕೆಯದ್ದೋ ಛಾಯಾಗ್ರಾಹಕರದ್ದೋ. ಕಾಪಿರೈಟ್ ಕಾಯ್ದೆಯ ಪ್ರಕಾರ ಫೋಟೊಗೆ ಅದನ್ನು ತೆಗೆದವರು ಬದುಕಿರುವವರೆಗೆ ಮತ್ತು ಅವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ರಕ್ಷಣೆ ಇದೆ, ಸಿನಿಮಾಕ್ಕೆ ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. ಶಂಕರ್ ನಾಗ್ ತೀರಿಕೊಂಡದ್ದು 1990ರಲ್ಲಿ, ಎಷ್ಟು ಹಳೆಯ ಮಾತು ಅನ್ನಿಸುತ್ತದೆ ಅಲ್ವಾ? ಆದರೂ ಅವರ 1978ರ ಸಿನಿಮಾದ ಹಕ್ಕು 2038ರ ಕೊನೆಯವರೆಗೆ ಇರುತ್ತದೆ. ಅಪ್ಪು ಫೋಟೊ ಬಗ್ಗೆ ಬೇರೆ ಹೇಳಬೇಕಿಲ್ಲ.

ಎರಡನೆಯದು ಹೆಸರು. ‘ಅಪ್ಪು ಕಾಫಿ’ ಅಂತಲೋ ಅವರ ಮುಖದ ಲೋಗೊ ಮಾಡಿಯೋ ಟ್ರೇಡ್‌ಮಾರ್ಕ್‌ಗೆ ಅರ್ಜಿ ಹಾಕಿದರೆ ಅಲ್ಲೊಂದು ತಡೆ ಇದೆ. ಟ್ರೇಡ್‌ಮಾರ್ಕ್ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ಬದುಕಿರುವವರ ಜೊತೆಗೋ ಕಳೆದ 20 ವರ್ಷದೊಳಗೆ ತೀರಿಕೊಂಡವರ ಜೊತೆಗೋ ಇಲ್ಲದ ಸಂಬಂಧ ತೋರಿಸುವ ಗುರುತು ಬಂದರೆ, ಒಪ್ಪಿಗೆ ಪತ್ರ ತನ್ನಿ ಅಂತ ರಿಜಿಸ್ಟ್ರಾರ್ ಕೇಳಬಹುದು. ಅಣ್ಣಾವ್ರು ತೀರಿಕೊಂಡದ್ದು 2006ರ ಏಪ್ರಿಲ್ 12. ಅವರ ಲೆಕ್ಕ 2026ರ ಏಪ್ರಿಲ್‌ವರೆಗೆ. ಅಪ್ಪು ಹೋದದ್ದು 2021ರ ಅಕ್ಟೋಬರ್ 29. ಅಂದರೆ 2041ರ ಅಕ್ಟೋಬರ್‌ವರೆಗೆ.

ಮೂರನೆಯದು ಗಿರಾಕಿಯ ಹಕ್ಕು. ಫೋಟೊ ಜೊತೆಗೆ ‘ಅಪ್ಪು ಮೆಚ್ಚಿದ ಕಾಫಿ’ ಅಂತ ಬರೆದರೆ ಅದು ಸುಳ್ಳು. ಜಾಹೀರಾತಿನಲ್ಲಿ ಯಾರಾದರೂ ಒಂದು ವಸ್ತುವನ್ನು ಮೆಚ್ಚಿಕೊಂಡರೆ ಅದು ಅವರ ನಿಜವಾದ ಅಭಿಪ್ರಾಯ ಆಗಿರಬೇಕು ಅಂತ ಕೇಂದ್ರ ಸರ್ಕಾರದ 2022ರ ಮಾರ್ಗಸೂಚಿ ಹೇಳುತ್ತದೆ. ನಿಮ್ಮ ಕಾಫಿ ಕುಡಿದೇ ಇಲ್ಲದವರು ಅದನ್ನು ಮೆಚ್ಚುವುದು ಹೇಗೆ? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಇದೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ದೂರನ್ನು ಜಿಲ್ಲಾಧಿಕಾರಿಗೇ ಕೊಡಬಹುದು, ಅಂದರೆ ಮಡಿಕೇರಿಗೇ ಹೋದರೆ ಸಾಕು.

ಇಷ್ಟು ಕಾನೂನಿನ ಮಾತು. ನನಗೆ ಇದಕ್ಕಿಂತ ಜಾಸ್ತಿ ಮುಖ್ಯ ಅನ್ನಿಸುವುದು ಬೇರೆ ಇದೆ. ಅಣ್ಣಾವ್ರು ಜಾಹೀರಾತುಗಳಿಂದ ದೂರವೇ ಇದ್ದವರು. ನಂದಿನಿ ಹಾಲಿಗೆ ಮಾತ್ರ ಒಪ್ಪಿದರು, ಅದೂ ಒಂದು ರೂಪಾಯಿ ತೆಗೆದುಕೊಳ್ಳದೆ, ರೈತರ ಹಾಲು ಅನ್ನುವ ಕಾರಣಕ್ಕೆ. ಅಪ್ಪು ಬೇರೆ ಜಾಹೀರಾತುಗಳಲ್ಲಿ ಕಾಣಿಸಿಕೊಂಡರು. ಆದರೆ ನಂದಿನಿಯ ವಿಷಯದಲ್ಲಿ ಅಪ್ಪನ ದಾರಿಯಲ್ಲೇ ನಡೆದರು, ಹಣ ಮುಟ್ಟಲಿಲ್ಲ. ಯಾವುದಕ್ಕೆ ಮುಖ ಕೊಡಬೇಕು, ಯಾವುದಕ್ಕೆ ಕೊಡಬಾರದು ಅಂತ ಯೋಚಿಸಿ ತೀರ್ಮಾನಿಸಿದವರು ಅವರು. ಜನ ಆ ಮುಖವನ್ನು ನಂಬುವುದು ಅದಕ್ಕೇ. ಆ ನಂಬಿಕೆಯನ್ನು ಈಗ ಅವರನ್ನು ಕೇಳಲಾಗದ ಹೊತ್ತಿನಲ್ಲಿ ನಾವು ತೆಗೆದುಕೊಂಡರೆ, ಅವರು ಬದುಕಿದ್ದಾಗ ಕಾಯ್ದುಕೊಂಡದ್ದನ್ನೇ ಖರ್ಚು ಮಾಡಿದ ಹಾಗೆ.

ಕೊಡಗಿನಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಿಮ್ಮ ಐನ್‌ಮನೆಯ (ಮನೆತನದ ಮೂಲಮನೆಯ) ಗೋಡೆಯ ಮೇಲೆ ಕುಪ್ಯಚೇಲೆ ಉಟ್ಟು ನಿಂತ ಅಜ್ಜನ ಫೋಟೊ ಇದೆ ಅಂದುಕೊಳ್ಳಿ. ಯಾವುದೋ ಊರಿನವರು ಅದನ್ನು ಮೊಬೈಲ್‌ನಲ್ಲಿ ತೆಗೆದು ವೈನ್ ಬಾಟಲಿ ಮೇಲೆ ಅಂಟಿಸಿದರೆ ಒಕ್ಕದ (ಮನೆತನದ) ಹಿರಿಯರು ಸುಮ್ನೆ ಇರುತ್ತಾರಾ? ಕಾರೋಣನಿಗೆ, ಅಂದರೆ ಮನೆತನದ ಮೂಲಪುರುಷನಿಗೆ, ದೀಪ ಇಟ್ಟು ಮೀದಿ (ಎಡೆ) ಕೊಡುವ ಊರು ಇದು. ತೀರಿಕೊಂಡವರ ಪರವಾಗಿ ಮನೆಯವರು ಮಾತಾಡುತ್ತಾರೆ ಅನ್ನುವುದು ಇಲ್ಲಿ ಎಲ್ಲರಿಗೂ ಗೊತ್ತಿರುವ ರೀತಿ.

ಮನೆಯವರು ಹೂಂ ಅಂದರೆ ಸಾಕಾ? ಎಲ್ಲ ಸಲ ಸಾಕಾಗುವುದಿಲ್ಲ. 2013ರಲ್ಲಿ ಒಂದು ವಿಸ್ಕಿ ಜಾಹೀರಾತಿಗೆ ಕಂಪ್ಯೂಟರ್‌ನಲ್ಲಿ ಬ್ರೂಸ್ ಲೀ ಅವರನ್ನು ಮತ್ತೆ ಸೃಷ್ಟಿಸಿದರು. ಮಗಳ ಒಪ್ಪಿಗೆ ಇತ್ತು. ಆದರೂ ಅಭಿಮಾನಿಗಳು ಸಿಟ್ಟಾದರು, ಮದ್ಯದಿಂದ ದೂರ ಇದ್ದ ಮನುಷ್ಯನನ್ನು ಮದ್ಯ ಮಾರಲು ನಿಲ್ಲಿಸಿದ್ದೀರಿ ಅಂತ. ಆ ಸಿಟ್ಟು ಸರಿಯಾದದ್ದೇ. ಹಾಸ್ಯನಟ ರಾಬಿನ್ ವಿಲಿಯಮ್ಸ್ ಈ ತಲೆನೋವೇ ಬೇಡ ಅಂತ ಮೊದಲೇ ಬರೆದಿಟ್ಟು ಹೋದರು. 2014ರಲ್ಲಿ ಅವರು ತೀರಿಕೊಂಡರು, 25 ವರ್ಷ ಅವರ ಮುಖವನ್ನು ಯಾರೂ ವ್ಯಾಪಾರಕ್ಕೆ ಬಳಸುವ ಹಾಗಿಲ್ಲ. ನಮ್ಮ ನಟರೂ ಹೀಗೆ ಬರೆದಿಡುವುದು ಒಳ್ಳೆಯದು.

ಈಗ ಎಐ ಬಂದಿದೆ. ಮೊಬೈಲ್‌ನಲ್ಲೇ ಅಪ್ಪು ಧ್ವನಿಯಲ್ಲಿ ‘ನಮ್ಮ ಕೊಡಗಿನ ಕಾಫಿ ಕುಡೀರಿ’ ಅನ್ನಿಸಿ ರೀಲ್ಸ್ ಹಾಕಬಹುದು. ದಯವಿಟ್ಟು ಹಾಗೆ ಮಾಡಬೇಡಿ. ಫೋಟೊದಲ್ಲಿ ಅವರು ಎಂದೋ ನಕ್ಕ ನಗು ಇರುತ್ತದೆ. ಇಲ್ಲಿ ಅವರು ಎಂದೂ ಆಡದ ಮಾತನ್ನು ಬಾಯಿಗೆ ತುರುಕಿದ ಹಾಗಾಗುತ್ತದೆ. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಧ್ವನಿಯನ್ನು ಕೇಳದೆ ಎಐನಲ್ಲಿ ಮಾಡಿಸಿದರು ಅಂತ 2024ರಲ್ಲಿ ಅವರ ಮಗ ತೆಲುಗು ಸಿನಿಮಾ ತಂಡವೊಂದಕ್ಕೆ ನೋಟಿಸ್ ಕೊಟ್ಟರು. ಅದೇ ವರ್ಷ ಎ.ಆರ್. ರೆಹಮಾನ್ ತೀರಿಕೊಂಡ ಇಬ್ಬರು ಗಾಯಕರ ಧ್ವನಿಯನ್ನು ಎಐನಿಂದಲೇ ಬಳಸಿದರು. ಅವರು ಮೊದಲು ಮನೆಯವರನ್ನು ಕೇಳಿದರು, ಸಂಭಾವನೆಯನ್ನೂ ಕೊಟ್ಟರು. ತಂತ್ರಜ್ಞಾನ ಒಂದೇ, ನಡೆದುಕೊಂಡ ರೀತಿ ಬೇರೆ.

ನಿಮ್ಮ ಪ್ಯಾಕೆಟ್‌ಗೆ ಬರೋಣ. ಹಾಕಲೇಬೇಕು ಅಂತಿದ್ದರೆ ಅಪ್ಪು ಕುಟುಂಬಕ್ಕೆ ಒಂದು ಪತ್ರ ಬರೆಯಿರಿ. ಯಾವ ವಸ್ತು, ಯಾವ ಫೋಟೊ, ಎಷ್ಟು ಪ್ಯಾಕೆಟ್, ಎಷ್ಟು ದಿನ, ಎಲ್ಲಿ ಮಾರುತ್ತೀರಿ, ಎಲ್ಲವನ್ನೂ ಬಿಡಿಸಿ ಬರೆಯಿರಿ. ಡಿಸೈನ್ ಕೂಡ ಜೊತೆಗಿಡಿ. ಒಪ್ಪಿಗೆ ಬಂದರೆ ಬರವಣಿಗೆಯಲ್ಲಿ ತೆಗೆದುಕೊಳ್ಳಿ, ಫೋನಿನಲ್ಲಿ ‘ಆಯ್ತು’ ಅಂದದ್ದು ನಾಳೆ ಕೆಲಸಕ್ಕೆ ಬರುವುದಿಲ್ಲ. ಫೋಟೊ ಹಕ್ಕು ಯಾರದ್ದೋ ಅವರ ಒಪ್ಪಿಗೆ ಬೇರೆ ಬೇಕು. ಉತ್ತರ ಬರದಿದ್ದರೆ ಅದನ್ನು ಒಪ್ಪಿಗೆ ಅಂದುಕೊಳ್ಳಬೇಡಿ. ಅಲ್ಲಿಯವರೆಗೆ ಪ್ಯಾಕೆಟ್ ಮೇಲೆ ನಿಮ್ಮ ತೋಟದ ಚಿತ್ರ ಹಾಕಿ, ತೋಟದ ಹೆಸರು, ಅರೇಬಿಕಾ ಎಷ್ಟು, ರೊಬಸ್ಟಾ ಎಷ್ಟು, ಚಿಕೋರಿ ಎಷ್ಟು ಅಂತ ದೊಡ್ಡದಾಗಿ ಬರೆಯಿರಿ. ಅಪ್ಪು ಹುಟ್ಟುಹಬ್ಬ ಮಾರ್ಚ್ 17ಕ್ಕೆ ಅಂಗಡಿಗೆ ಬಂದವರಿಗೆಲ್ಲ ಒಂದೊಂದು ಲೋಟ ಕಾಫಿ ಕೊಡಿ, ಅದಕ್ಕೆ ಯಾರ ಅನುಮತಿಯೂ ಬೇಡ.