ನೀರು ಹಾಕ್ಕೊಂಡ ದಿನ ಬೇಡ, ಶುರುವಾದ ದಿನ ಹೇಳಿ

ಕಲಬುರಗಿಯಲ್ಲಿ ಹೆಂಗಸರ ಡಾಕ್ಟರಾಗಿ ಕೂತು ಬಹಳ ವರ್ಷ ಆಯ್ತು. ದಿನಕ್ಕೆ ನಲವತ್ತು ಸಲ ಕೇಳುವ ಪ್ರಶ್ನೆ ಒಂದೇ: ಕೊನೆ ಸಲ ಮುಟ್ಟು ಬಂದಿದ್ದು ಯಾವಾಗ? ಉತ್ತರಗಳು ಹೀಗಿರುತ್ತವೆ. "ತೊಗರಿ ರಾಶಿ ನಡದಿತ್ರಿ, ಅವಾಗ." "ಅಮಾಸಿ ಹಿಂದ್ಮುಂದ." "ಇವ್ರಿಗೆ ಗೊತ್ತದ ನೋಡ್ರಿ" ಅಂತ ಗಂಡನ ಕಡೆ ಕೈ ತೋರಿಸುವವರೂ ಇದ್ದಾರೆ. ಪಾಪ, ಆತ ಛತ್ತು ನೋಡ್ತಾನೆ. ಇದೆಲ್ಲ ನನಗೆ ಅಭ್ಯಾಸ ಆಗಿದೆ, ಅಮಾವಾಸ್ಯೆ ಹೇಳಿದರೆ ಪಂಚಾಂಗ ನೋಡಿ ತಾರೀಖು ತೆಗೀತೀನಿ. ನನ್ನ ತಲೆ ಕೆಡಿಸೋದು ಖಚಿತವಾಗಿ ತಾರೀಖು ಹೇಳುವವರು. ಅವರು ಹೇಳೋದು ತಪ್ಪು ತಾರೀಖು.

"ಹದಿನಾಲ್ಕಕ್ಕ ಆಗೇತ್ರಿ ಮೇಡಂ."

"ಹದಿನಾಲ್ಕಕ್ಕೆ ಶುರುವಾಯ್ತಾ?"

"ಇಲ್ರಿ, ಹದಿನಾಲ್ಕಕ್ಕ ತಲಿ ಮ್ಯಾಲ ನೀರ್ ಹಾಕ್ಕೊಂಡೀನಿ."

ಮನೆಯಲ್ಲಿ ನೆನಪಿರೋದು ಆ ದಿನವೇ, ಅಲ್ವಾ? ಅವತ್ತು ತಲೆಗೆ ಸ್ನಾನ, ಅವತ್ತಿಂದ ಒಲೆ ಮುಟ್ಟಬಹುದು, ದೇವರ ಮುಂದೆ ದೀಪ ಹಚ್ಚಬಹುದು. ಆದರೆ ನಮಗೆ ಬೇಕಾದ್ದು ಅದಲ್ಲ. ರಕ್ತ ಸರಿಯಾಗಿ ಹೋಗಲು ಶುರುವಾದ ಮೊದಲ ದಿನ ಬೇಕು. ಹಿಂದಿನ ದಿನ ಕಂದು ಬಣ್ಣದ ಒಂದು ಚುಕ್ಕೆ ಕಂಡಿದ್ದರೆ ಅದು ಲೆಕ್ಕಕ್ಕಿಲ್ಲ. ಪ್ಯಾಡೋ ಬಟ್ಟೆಯೋ ಇಟ್ಟುಕೊಳ್ಳಲೇಬೇಕಾದ ದಿನ ಯಾವುದೋ ಅದೇ ಒಂದನೇ ದಿನ. ರಾತ್ರಿ ಹನ್ನೊಂದಕ್ಕೆ ಶುರುವಾದರೂ ಅವತ್ತಿನದೇ ತಾರೀಖು. ಮುಗಿದ ದಿನವನ್ನೂ ಬರೆದಿಟ್ಟರೆ ಒಳ್ಳೇದೇ, ಎಷ್ಟು ದಿನ ಹೋಯ್ತು ಗೊತ್ತಾಗುತ್ತೆ. ಆದರೆ ಎಣಿಕೆ ಹಿಡಿಯೋದು ಅಲ್ಲಿಂದಲ್ಲ.

ಮೊನ್ನೆ ಕಾಲೇಜು ಹುಡುಗಿಯೊಬ್ಬಳು ಅಳುತ್ತ ಬಂದಿದ್ದಳು. ಒಂದೇ ತಿಂಗಳಲ್ಲಿ ಎರಡು ಸಲ ಬಂತಂತೆ. 2ನೇ ತಾರೀಖಿಗೆ ಶುರುವಾಗಿ 6ಕ್ಕೆ ನಿಂತಿದೆ, ಮತ್ತೆ 29ಕ್ಕೆ ಶುರುವಾಗಿದೆ. ಅವಳ ಅವ್ವ 6ರಿಂದ ಎಣಿಸಿ "ಇಪ್ಪತ್ಮೂರೇ ದಿನಕ್ಕ ಬಂತ್ರಿ" ಅಂತ ಗಾಬರಿಯಾಗಿದ್ದರು. 2ರಿಂದ 29ಕ್ಕೆ 27 ದಿನ. ಕಾಯಿಲೆ ಏನೂ ಇಲ್ಲ. ದೊಡ್ಡವರಲ್ಲಿ 21ರಿಂದ 35 ದಿನದವರೆಗೆ ಸರಿಯೇ, ಮೈನೆರೆದು ಒಂದೆರಡು ವರ್ಷ ಆದ ಹುಡುಗಿಯರಲ್ಲಿ ಇನ್ನೂ ಸ್ವಲ್ಪ ಹಿಂದೆ ಮುಂದೆ ಆಗುತ್ತೆ. ಗೋಡೆ ಮೇಲಿನ ತಿಂಗಳಿಗೂ ಮೈಯೊಳಗಿನ ತಿಂಗಳಿಗೂ ಸಂಬಂಧ ಇಲ್ಲ. ಪ್ರತಿ ತಿಂಗಳು ಅದೇ ತಾರೀಖಿಗೇ ಬರಬೇಕು ಅಂತ ಕಾಯ್ತಾ ಕೂರಬೇಡಿ.

ಈಗ ಮನೆ ಮುರಿಯುವ ಲೆಕ್ಕಕ್ಕೆ ಬರ್ತೀನಿ. ಹೋದ ಸಲ ಎಳ್ಳ ಅಮಾವಾಸ್ಯೆ ಆಗಿ ಒಂದು ತಿಂಗಳ ಮೇಲಾಗಿತ್ತು. ಆಳಂದ ಕಡೆಯ ಒಂದು ಹಳ್ಳಿಯಿಂದ ಸೊಸೆ, ಅತ್ತೆ ಬಂದರು. ಮಗ ಮುಂಬೈಯಲ್ಲಿ ಕಟ್ಟಡದ ಕೆಲಸಕ್ಕಿದ್ದವನು, ಹಬ್ಬಕ್ಕೆ ಊರಿಗೆ ಬಂದು ಐದು ವಾರ ಎರಡು ದಿನ ಆಗಿತ್ತು. ಸ್ಕ್ಯಾನಿಂಗ್ ಕಾಗದದಲ್ಲಿ ಏಳು ವಾರದ ಗರ್ಭ ಅಂತ ಇತ್ತು. ಅತ್ತೆ ಬೆರಳಿನ ಗೆಣ್ಣು ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಸೊಸೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನೆಲ ನೋಡುತ್ತಿದ್ದಳು. ಯಾರೂ ಏನೂ ಕೇಳಲಿಲ್ಲ, ಆದರೆ ರೂಮಿನಲ್ಲಿ ಆ ಪ್ರಶ್ನೆ ನಿಂತೇ ಇತ್ತು.

ಚೀಟಿ ತಿರುಗಿಸಿ ಹಿಂದೆ ಗೆರೆ ಎಳೆದೆ. ಗರ್ಭದ ವಾರಗಳನ್ನು ಗಂಡ ಹೆಂಡತಿ ಕೂಡಿದ ದಿನದಿಂದ ಎಣಿಸೋದಿಲ್ಲ. ಕೊನೆಯ ಮುಟ್ಟಿನ ಒಂದನೇ ದಿನದಿಂದ ಎಣಿಸೋದು. ಅಂದರೆ ಮೊದಲ ಎರಡು ವಾರ ಹೊಟ್ಟೆಯಲ್ಲಿ ಕೂಸು ಇರೋದೇ ಇಲ್ಲ, ಲೆಕ್ಕದಲ್ಲಿ ಮಾತ್ರ ಇರುತ್ತೆ. ಯಾಕಪ್ಪಾ ಈ ಉಲ್ಟಾ ಲೆಕ್ಕ ಅಂದರೆ, ಅಂಡ ಬಿಡುಗಡೆ ಆದ ದಿನ ಯಾರ ಕಣ್ಣಿಗೂ ಕಾಣಲ್ಲ, ಮುಟ್ಟು ಬಂದ ದಿನ ಕಾಣುತ್ತೆ. ಅಂಡ ಬಿಡೋದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮುಂಚೆ. ಅದು ಬದುಕಿರೋದು ಒಂದು ದಿನ. ಗಂಡಸಿನ ವೀರ್ಯಾಣು ಮಾತ್ರ ಒಳಗೆ ಐದು ದಿನದವರೆಗೂ ಇರಬಲ್ಲದು. ಸ್ಕ್ಯಾನಿಂಗ್ ಮಷೀನು ಕೂಸಿನ ಉದ್ದ ಅಳೆದು ವಾರ ಹೇಳುವಾಗಲೂ ಆ ಎರಡು ವಾರ ಸೇರಿಸಿಯೇ ಹೇಳುತ್ತೆ. ಆ ಹುಡುಗಿಯ ಗಂಡ ಮನೆಗೆ ಬಂದಿದ್ದು ಅವಳ ಮುಟ್ಟಿನ ಹನ್ನೆರಡನೇ ದಿನ. ಏಳು ವಾರ ಸರಿಯಾಗಿಯೇ ಇದೆ.

ಅತ್ತೆ ಗೆರೆಯನ್ನೇ ನೋಡಿದರು. "ಅಂದ್ರ ಹರಗಿದ ದಿನದಿಂದ ಎಣಸ್ತೀರಿ, ಬಿತ್ತಿದ ದಿನದಿಂದ ಅಲ್ಲ" ಅಂದರು. ಹೆಣ್ಣನ್ನು ಹೊಲಕ್ಕೆ ಹೋಲಿಸಿದರೆ ನನಗೆ ಮೈ ಉರಿಯುತ್ತೆ. ಅವತ್ತು ಮಾತ್ರ ಸುಮ್ನೆ ಹೌದು ಅಂದೆ.

ಇದೇ ಲೆಕ್ಕ ಬೇರೆ ಕಡೆಯೂ ಹೊಡೆತ ಕೊಡುತ್ತೆ. "ಒಂದೇ ತಿಂಗಳು ತಪ್ಪೇತ್ರಿ" ಅಂತಾರಲ್ಲ, ಬರಬೇಕಾದ ದಿನ ದಾಟಿ ಒಂದು ತಿಂಗಳಾಗಿದ್ದರೆ ನಮ್ಮ ಲೆಕ್ಕದಲ್ಲಿ ಅದು ಎಂಟು ವಾರ. ಮಾತ್ರೆಯಿಂದ ಗರ್ಭ ತೆಗೆಯಲು 2021ರ ನಿಯಮದಲ್ಲಿ ಇರುವ ಮಿತಿ ಒಂಬತ್ತು ವಾರ. ಅಂಚಿಗೆ ಬಂದಿರುತ್ತೀರಿ, ಆದರೆ ಮನಸ್ಸಲ್ಲಿ ಇನ್ನೂ ಬೇಕಾದಷ್ಟು ಟೈಮಿದೆ ಅಂತ ಇರುತ್ತೆ. ಅದಕ್ಕೇ ಆ ಮಾತ್ರೆಯನ್ನು ಮೆಡಿಕಲ್ ಶಾಪಿನಿಂದ ನೀವೇ ತಂದು ನುಂಗಬೇಡಿ ಅಂತ ಗಂಟಲು ಹರಿದುಕೊಳ್ಳೋದು. ಗರ್ಭ ಗರ್ಭಕೋಶದೊಳಗೆ ನಿಲ್ಲದೆ ಅದರ ಪಕ್ಕದ ನಳಿಕೆಯಲ್ಲಿ ನಿಂತಿದ್ದರೆ ಆ ಮಾತ್ರೆ ಕೆಲಸವನ್ನೂ ಮಾಡಲ್ಲ. ತಿಂಗಳು ತಪ್ಪಿ, ಹೊಟ್ಟೆಯ ಒಂದೇ ಕಡೆ ನೋವು, ತಲೆ ಸುತ್ತು ಬಂದರೆ ಬೆಳಗಾಗಲಿ ಅಂತ ಕಾಯಬೇಡಿ.

ತಾಯಿ ಕಾರ್ಡಿನಲ್ಲಿ ಹೆರಿಗೆ ದಿನ ಬರೆಯೋದೂ ಇದೇ ತಾರೀಖಿನಿಂದ, ಒಂದನೇ ದಿನಕ್ಕೆ 9 ತಿಂಗಳು 7 ದಿನ ಕೂಡಿಸಿ. ಮೂರು ತಿಂಗಳೊಳಗೆ ಒಂದು ಸ್ಕ್ಯಾನಿಂಗ್ ಆಗಿದ್ದರೆ ತಪ್ಪಿದ್ದನ್ನು ತಿದ್ದಬಹುದು. ಎಂಟನೇ ತಿಂಗಳಲ್ಲಿ ಮೊದಲ ಸಲ ಬಂದರೆ ಸ್ಕ್ಯಾನಿಂಗೇ ಎರಡು ಮೂರು ವಾರ ಆಚೀಚೆ ಹೇಳುತ್ತೆ. ಕೂಸು ಸಣ್ಣದಾಗಿದೆಯೋ ತಾರೀಖು ತಪ್ಪೋ ಗೊತ್ತಾಗದೆ ನಾವು ತಲೆ ಮೇಲೆ ಕೈ ಹೊತ್ತು ಕೂರಬೇಕು.

ಮೊಬೈಲ್ ಆ್ಯಪ್ ಹಾಕಿಕೊಳ್ಳಬಹುದಾ ಅಂತ ಕೇಳ್ತಾರೆ. ಹಾಕಿಕೊಳ್ಳಿ. ತಾರೀಖು ನೆನಪಿಡಲು ಚೆನ್ನಾಗಿದೆ. ಆದರೆ ಅದರಲ್ಲಿ ಬಣ್ಣ ಬಣ್ಣದಲ್ಲಿ ಬರುವ "ಸುರಕ್ಷಿತ ದಿನ" ಬರೀ ಅಂದಾಜು, ಹಿಂದಿನ ತಿಂಗಳು ನೋಡಿ ಮುಂದಿನದನ್ನು ಊಹಿಸೋದು. ಅದನ್ನು ನಂಬಿ ಕಾಂಡೋಮ್ ಬಿಟ್ಟವರ ಹೆರಿಗೆ ನಾನೇ ಮಾಡಿಸಿದ್ದೇನೆ. ಹಾಲು ಕುಡಿಸುವ ತಾಯಂದಿರೂ ಕೇಳಿಸಿಕೊಳ್ಳಿ, "ಮುಟ್ಟೇ ಬಂದಿಲ್ಲ, ಹೆಂಗ್ ನಿಂತಿತ್ರಿ" ಅನ್ನಬೇಡಿ. ಅಂಡ ಮೊದಲು, ಮುಟ್ಟು ಆಮೇಲೆ.

ಫೋನ್ ಮನೆಮಂದಿಗೆಲ್ಲ ಒಂದೇ ಆದರೆ ಗೋಡೆಯ ಕ್ಯಾಲೆಂಡರೇ ಸಾಕು. ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ, ಚೀಟಿ ಕಟ್ಟುವ ದಿನ ಎಲ್ಲ ಬರೀತೀರಿ, ಇದೊಂದಕ್ಕೆ ನಾಚಿಕೆ. ಅಕ್ಷರ ಬೇಡ, ಒಂದು ಚುಕ್ಕೆ ಇಡಿ ಅಂತ ಹೇಳ್ತಿದ್ದೆ. ಶಹಾಬಾದ್ ಕಡೆಯ ಒಬ್ಬಳು ಹಾಗೇ ಇಟ್ಟಳು. ಅವರ ಮನೆಯಲ್ಲಿ ಚುಕ್ಕೆ ಅಂದರೆ ಹಾಲು ಬರದ ದಿನ ಅಂತೆ. ಮಾವ ತಿಂಗಳ ಕೊನೆಗೆ ಅಷ್ಟು ದುಡ್ಡು ಮುರಿದುಕೊಂಡರು, ಹಾಲಿನವನು ಬಾಗಿಲಲ್ಲಿ ನಿಂತು ಜಗಳ. ಸೊಸೆ ಬಾಯಿ ಬಿಡುವಂತಿಲ್ಲ. ಈಗ ನಾನು ಹೇಳೋದು, ತಾರೀಖಿಗೆ ಸುತ್ತ ಗುಂಡಗೆ ಗೆರೆ ಹಾಕಿ.

ಅಂದ ಹಾಗೆ, ಆ ಆಳಂದದ ಅತ್ತೆಯ ಕಥೆ ಪೂರ್ತಿ ಆಗಲಿಲ್ಲ. ಸೊಸೆಯನ್ನು ರಕ್ತ ಪರೀಕ್ಷೆಗೆ ಕಳಿಸಿದ ಮೇಲೆ ಅವರು ಎದ್ದು ಬಾಗಿಲು ಮುಂದೆ ಮಾಡಿದರು. "ನಂದೂ ಒಂದ್ ಕೇಳ್ತೀನ್ರಿ" ಅಂದರು. ಮುಟ್ಟು ನಿಂತು ಮೂರು ವರ್ಷ ಆಗಿತ್ತು, ಈಗ ಸ್ವಲ್ಪ ರಕ್ತ ಕಾಣಿಸಿದೆ. ಮೈ ಕಾವು ಇರಬೇಕು ಅಂತ ಸುಮ್ಮನಿದ್ದರಂತೆ. ಮುಟ್ಟು ಪೂರ್ತಿ ನಿಂತು ಒಂದು ವರ್ಷ ಆದಮೇಲೆ ಒಂದು ಹನಿ ಕಂಡರೂ ನೋಡಲೇಬೇಕು. ಬಹಳ ಸಲ ಸಣ್ಣ ಕಾರಣವೇ ಇರುತ್ತೆ, ಆದರೂ ಗರ್ಭಕೋಶದ ಕ್ಯಾನ್ಸರ್ ಅಲ್ಲ ಅಂತ ಖಾತ್ರಿ ಮಾಡಿಕೊಳ್ಳದೆ ಬಿಡುವಂತಿಲ್ಲ.

ಯಾವತ್ತು ಶುರುವಾಯ್ತು ಅಂತ ಕೇಳಿದೆ.

"ಸಂಕ್ರಮಣದ ದಿನ್ರಿ, ಮುಂಜಾನಿ, ಎಳ್ಳು ಹಚ್ಕೊಂಡು ಜಳಕ ಮಾಡೂಮುಂದ" ಅಂದರು, ಒಂದು ಕ್ಷಣವೂ ತಡೆಯದೆ. ಅವರ ಹೆಸರಿಗೆ ಬೇರೆ ಚೀಟಿ ಮಾಡಿಸಿ ಅವತ್ತೇ ಸ್ಕ್ಯಾನಿಂಗ್ ಬರೆದೆ.